ಬೇಯಿಸಿದ್ದು ಮಾತ್ರ

ಉಮಾಪತಿಯ ಮುಖ ತುಂಬಿಕೊಂಡಾಗ ನಾವೆಲ್ಲ ಖುಷಿಪಟ್ಟಿದ್ದೆವು. ಅಂತೂ ಹುಡುಗನಿಗೆ ಊಟ ಮೈಗೆ ಹತ್ತುತ್ತಿದೆ ಎಂದುಕೊಂಡಿದ್ದೆವು. ಅದು ಊಟವಲ್ಲ, ಮೈಯಲ್ಲಿ ನಿಂತ ನೀರು ಎಂದು ಗೊತ್ತಾಗುವ ಹೊತ್ತಿಗೆ ಅವನ ಎರಡೂ ಮೂತ್ರಪಿಂಡಗಳು ಕೆಲಸ ಬಿಟ್ಟಿದ್ದವು. ಅವನಿಗಾಗ ಇಪ್ಪತ್ನಾಲ್ಕು ವರ್ಷ. ನನ್ನ ಹೆಂಡತಿ ಪಾರಮ್ಮನಿಗೆ ಒಬ್ಬನೇ ತಮ್ಮ.

ಅವರ ಊರು ಮಂಗಳೂರು. ಸಮುದ್ರ, ಮೀನು ಎಂದೆಲ್ಲ ಯೋಚಿಸಬೇಡಿ. ಇದು ಯಲಬುರ್ಗಾ ಕಡೆಯ ಮಂಗಳೂರು, ಜೋಳದ ಸೀಮೆ. ನಾನು ವಿರುಪಣ್ಣ, ಗಂಗಾವತಿಯ ನೀರಾವರಿ ಕಚೇರಿಯಲ್ಲಿ ಗುಮಾಸ್ತ. ಯಾವ ಕಾಲುವೆಗೆ ಯಾವ ದಿನ ಎಷ್ಟು ನೀರು ಬಿಟ್ಟರು ಎಂದು ಬರೆಯುವುದು ನನ್ನ ಕೆಲಸ. ಭತ್ತದ ನಾಡಿಗೆ ಸೊಸೆಯಾಗಿ ಬಂದು ಹದಿನೇಳು ವರ್ಷವಾದರೂ ಪಾರಮ್ಮ ಅನ್ನವನ್ನು ಊಟ ಎಂದು ಒಪ್ಪಿರಲಿಲ್ಲ. ಅನ್ನ ಉಂಡ ಮೇಲೆ “ಈಗ ಊಟ ಮಾಡೂಣು” ಎಂದು ರೊಟ್ಟಿ ಮುರಿಯುವವಳು. ಅವಳ ತಾಯಿ ತೀರಿಕೊಂಡಾಗ ಉಮಾಪತಿ ತೊಟ್ಟಿಲಲ್ಲಿದ್ದ. ಹನ್ನೊಂದು ವರ್ಷದ ಹುಡುಗಿ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಳು. ನಮಗೆ ಮಕ್ಕಳಾಗಲಿಲ್ಲ. ಹಾಗಾಗಿ ಅವಳ ಮಟ್ಟಿಗೆ ತಮ್ಮನೂ ಅವನೇ, ಮಗನೂ ಅವನೇ.

ಮದರಾಸಿನ ಕಡೆ ಒಂದು ದೊಡ್ಡ ಆಸ್ಪತ್ರೆಯಿದೆ, ಅಲ್ಲಿ ಒಬ್ಬರ ಮೂತ್ರಪಿಂಡ ತೆಗೆದು ಇನ್ನೊಬ್ಬರಿಗೆ ಕೂಡಿಸುತ್ತಾರೆ ಎಂದು ಬಳ್ಳಾರಿಯ ಆಸ್ಪತ್ರೆಯಲ್ಲಿ ಹೇಳಿದರು. ಮಾವ ಪಂಪಣ್ಣನವರಿಗೆ ವಯಸ್ಸಾಗಿತ್ತು. ಉಳಿದವಳು ಪಾರಮ್ಮ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. ನಾನು ಬೇಡವೆಂದೆ. ಈಗ ಸಾಧುವಿನ ಹಾಗೆ ಬರೆದುಕೊಂಡು ಏನು ಪ್ರಯೋಜನ, ನಾನು ಬೇಡವೆಂದೇ ಹಟ ಹಿಡಿದೆ.

“ನನಗ ಎರಡ ಅದಾವ, ಅವಗ ಒಂದೂ ಇಲ್ಲ. ಇದರಾಗ ವಿಚಾರ ಮಾಡೂದೇನೈತ್ರಿ?” ಎಂದಳು.

“ನಿನಗೇನರ ಆದ್ರ?”

“ಆದ್ರ ಆಗ್ಲಿ. ನೀವು ಮತ್ತೊಂದ ಮದಿವಿ ಮಾಡ್ಕೋರಿ. ನನಗ ಮತ್ತೊಬ್ಬ ತಮ್ಮ ಎಲ್ಲಿಂದ ಬರಬೇಕು?”

ಸಾವಿರದೊಂಬೈನೂರ ಎಂಬತ್ಮೂರರ ದೀಪಾವಳಿ ಮುಗಿಸಿ ಮೂವರೂ ರೈಲು ಹತ್ತಿದೆವು. ನಾನು ಗುಂತಕಲ್ಲಿನವರೆಗೂ ಮುಖ ಗಂಟುಹಾಕಿಕೊಂಡು ಕೂತಿದ್ದೆ. ಅಕ್ಕ ತಮ್ಮ ಇಬ್ಬರೂ ಶೇಂಗಾ ಬಿಡಿಸಿ ತಿನ್ನುತ್ತ, ಸಿಪ್ಪೆಯನ್ನು ನನ್ನ ಕಾಲಬುಡಕ್ಕೇ ಹಾಕುತ್ತ, ನನ್ನ ಮುಖ ನೋಡಿ ನಗುತ್ತಿದ್ದರು.

ಆಪರೇಷನ್ ಚೆನ್ನಾಗಿ ಆಯಿತು. ಅದನ್ನು ಮಾಡಿದವರನ್ನು ನಾನು ಇಂದಿಗೂ ನೆನೆಯುತ್ತೇನೆ. ಹೊರಡುವ ಮುಂಚೆ ಅಲ್ಲಿಯ ಹಿರಿಯ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಒಂದು ಗಂಟೆ ಮಾತಾಡಿದರು. ಅವರಿಗೆ ಕನ್ನಡ ಬರದು, ನಮಗೆ ತಮಿಳು ಬರದು. ಆಂಧ್ರದಿಂದ ಬಂದು ನೆಲೆಸಿದ ಶ್ರೀರಾಮನಗರದ ರೈತರ ಜೊತೆ ಕಚೇರಿಯಲ್ಲಿ ದಿನಾ ಜಗಳವಾಡಿ ನನಗೆ ತೆಲುಗು ಚೆನ್ನಾಗಿ ಬರುತ್ತಿತ್ತು. ತೆಲುಗಿನ ನರ್ಸಮ್ಮ ಒಬ್ಬರು ನಡುವೆ ನಿಂತು ಹೇಳಿದರು.

ಪ್ರತಿ ಮೈಯಲ್ಲೂ ಒಂದು ಕಾವಲು ನಾಯಿ ಇರುತ್ತದಂತೆ. ಹೊರಗಿನದು ಏನೇ ಬಂದರೂ ಅದು ಕಚ್ಚಿ ಓಡಿಸುತ್ತದೆ. ಅಕ್ಕನ ಮೂತ್ರಪಿಂಡವೂ ಆ ನಾಯಿಗೆ ಹೊರಗಿನದೇ. ಅದನ್ನು ಕಚ್ಚದಿರಲೆಂದು ಗುಳಿಗೆ ಕೊಟ್ಟು ನಾಯಿಯನ್ನು ಕಟ್ಟಿಹಾಕುತ್ತಾರೆ. ಆದರೆ ಕಟ್ಟಿಹಾಕಿದ ನಾಯಿ ಕಳ್ಳ ಬಂದಾಗಲೂ ಏಳುವುದಿಲ್ಲ. ಆದ್ದರಿಂದ ಕಳ್ಳ ಒಳಗೆ ಬರದಂತೆ ನೀವೇ ಬಾಗಿಲು ಕಾಯಬೇಕು. ಬದುಕಿರುವ ತನಕ ಗುಳಿಗೆ ನಿಲ್ಲಿಸುವಂತಿಲ್ಲ, ಕಾಯುವುದೂ ಅಷ್ಟೇ.

ನಾನು ಎಲ್ಲವನ್ನೂ ಬರೆದುಕೊಂಡೆ. ನೀರು ಕುದಿಸಿ ಆರಿಸಿ ಕೊಡಬೇಕು. ಹಸಿ ತರಕಾರಿ, ಬೀದಿಯ ಹಣ್ಣಿನ ರಸ, ಹೊರಗಿನ ತಿಂಡಿ ಕೂಡದು. ಈಚಲ ಶಿಂದಿ, ಸೆರೆ, ಯಾವ ಹೆಂಡವನ್ನೂ ತುಟಿಗೆ ಸೋಕಿಸಬಾರದು. ಕೊನೆಗೆ, ಬಾಯಿಗೆ ಹೋಗುವುದು ಏನೇ ಇರಲಿ, ಬೇಯಿಸಿದ್ದು ಮಾತ್ರ. ಪಾರಮ್ಮನಿಗೆ ಓದು ಬರುವುದಿಲ್ಲ. ರೈಲಿನಲ್ಲಿ ಹತ್ತು ಸಲ ಓದಿಸಿ ಬಾಯಿಪಾಠ ಮಾಡಿಕೊಂಡಳು. ಇದನ್ನೆಲ್ಲ ನಾನೀಗ ಬರೆಯುತ್ತಿರುವುದೂ ಅವಳಿಗೆ ಓದು ಬರುವುದಿಲ್ಲ ಎಂಬ ಧೈರ್ಯದ ಮೇಲೆ.

ಉಮಾಪತಿಯನ್ನು ಗಂಗಾವತಿಯ ನಮ್ಮ ಮನೆಯಲ್ಲೇ ಇಟ್ಟುಕೊಂಡೆವು. ಮಂಗಳೂರಿನಲ್ಲಿ ಜ್ವರ ಬಂದರೆ ಡಾಕ್ಟರನ್ನು ಹುಡುಕಬೇಕು. ಪಾರಮ್ಮ ಮನೆಯನ್ನು ಆಸ್ಪತ್ರೆ ಮಾಡಿದಳು. ಹೊಲಿಗೆ ಹಾಕಿದ ಪಕ್ಕೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಓಡಾಡಿದಳು. ಅವನ ತಟ್ಟೆ ಬೇರೆ, ಲೋಟ ಬೇರೆ, ಟವೆಲ್ ಬೇರೆ. ಎಲ್ಲಕ್ಕೂ ದಿನಾ ಕುದಿಯುವ ನೀರು. ಒಲೆ ಆರುತ್ತಲೇ ಇರಲಿಲ್ಲ. ನನ್ನ ಚಪ್ಪಲಿಯೊಂದನ್ನು ಬಿಟ್ಟು ಮನೆಯಲ್ಲಿದ್ದದ್ದೆಲ್ಲ ಒಂದು ಸಲ ಕುದಿಯಿತು. ನೆಂಟರು ಬಂದರೆ ಬಾಗಿಲಲ್ಲೇ ಕೈಕಾಲು ಸೋಪು ಹಚ್ಚಿ ತೊಳೆಸಿದಳು. ಒಬ್ಬರು ಮುನಿಸಿಕೊಂಡು ನೀರೂ ಕುಡಿಯದೆ ಹೋದರು. ಹೋಗಲಿ ಬಿಡ್ರಿ ಎಂದಳು.

ಹುಡುಗ ಚಿಗುರಿದ. ಮೂರು ತಿಂಗಳಲ್ಲಿ ಮುಖದ ಬಾವು ಇಳಿದು ಕಣ್ಣು ಮೇಲೆ ಬಂದವು. ಬಚ್ಚಲಿಗೆ ಹೋಗಿ ಬಂದಾಗಲೆಲ್ಲ ಪಾರಮ್ಮ ನಡುಮನೆಯಿಂದ, “ಹೆಂಗ ಅದಾಳೋ ನನ್ನ ಮಗಳು?” ಎಂದು ಕೇಳುವಳು. ಮಗಳೆಂದರೆ ಆ ಮೂತ್ರಪಿಂಡ.

“ಭಾಳ ಛಲೋ ಅದಾಳಕ್ಕಾ. ಆದ್ರ ನಿನ್ನ ಗುಣಾನೂ ಸಂಗಾಟ ತಂದಾಳ. ಮದ್ಲ ನನಗ ಇಷ್ಟ ಸಿಟ್ಟ ಬರ್ತಿದ್ದಿಲ್ಲ,” ಎನ್ನುವನು ಉಮಾಪತಿ. ನನ್ನ ಕಡೆ ತಿರುಗಿ, “ಮಾಮಾ, ಇನ್ನ ಮ್ಯಾಲೆ ನೀವು ಇಬ್ಬರ ಕೂಡ ಬಾಳೇ ಮಾಡಬೇಕ್ರಿ,” ಎಂದು ನಗುವನು. ಹದಿನೇಳು ವರ್ಷದಲ್ಲಿ ನಮ್ಮ ಮನೆಯಲ್ಲಿ ಅಷ್ಟು ನಗು ಕೇಳಿರಲಿಲ್ಲ. ಬೇಡವೆಂದು ಹಟ ಹಿಡಿದದ್ದಕ್ಕೆ ನನಗೆ ನಾಚಿಕೆಯಾಯಿತು, ಅದನ್ನು ಪಾರಮ್ಮನಿಗೆ ಹೇಳಿಯೂ ಹೇಳಿದೆ. ಅವಳು “ಈಗರ ತಿಳೀತಲ್ಲ” ಎಂದಳು, ಅಷ್ಟೇ.

ಏಪ್ರಿಲ್ ಬಂತು. ಗಂಗಾವತಿಯ ಬಿಸಿಲು, ಸುತ್ತಲಿನ ಗುಂಡುಕಲ್ಲು ಕಾದರೆ ರಾತ್ರಿಯೂ ಆರುವುದಿಲ್ಲ. ಗುಳಿಗೆಯ ಉರಿ ಬೇರೆ. ಉಮಾಪತಿಗೆ ಊಟ ಸೇರದಾಯಿತು. ಕಾಯಿಸಿದ ನೀರು ಬಾಯಿಗಿಟ್ಟರೆ ಹೊಗೆ ವಾಸನೆ ಎನ್ನುವನು. ಒಂದು ಮಧ್ಯಾಹ್ನ ತಟ್ಟೆಯನ್ನು ದೂಡಿ, ಸಣ್ಣ ಹುಡುಗನ ಹಾಗೆ, “ಅಕ್ಕಾ, ಅಂಬಲಿ ಮಾಡಿ ಕೊಡಬೇ,” ಎಂದ.

ಪಾರಮ್ಮ ಒಲೆಯ ಮುಂದೆ ಕೂತೇ ಯೋಚಿಸಿದಳು. ಆಮೇಲೆ ನನ್ನನ್ನು ಕರೆದಳು. “ಬೇಸಿದ್ದು ಅಷ್ಟ ಅಂತ ಓದಿದ್ರೆಲ್ಲ, ಅಂಬಲಿ ಬೇಸಿದ್ದ ಅಲ್ಲೇನ್ರಿ?”

ನಾನು ಕಚೇರಿಗೆ ಹೊರಟಿದ್ದೆ, ಅಂಗಿ ಗುಂಡಿ ಹಾಕಿಕೊಳ್ಳುತ್ತಿದ್ದೆ. ಜೋಳದ ಹಿಟ್ಟು ನೀರಿನಲ್ಲಿ ಕಲಸಿ, ಕುದಿಯುವ ಎಸರಿಗೆ ಸುರಿದು, ಗಂಟಾಗದಂತೆ ತಿರುವುತ್ತ ಮುಕ್ಕಾಲು ಗಂಟೆ ಬೇಯಿಸುತ್ತಾರೆ. ಅದಕ್ಕಿಂತ ಬೇಯುವ ಪದಾರ್ಥ ನಮ್ಮಲ್ಲಿ ಯಾವುದಿದೆ? “ಬೇಸಿದ್ದ. ಮಾಡಿ ಕೊಡು,” ಎಂದು ಹೇಳಿ ಚಪ್ಪಲಿ ಮೆಟ್ಟಿದೆ.

ಆ ದಿನ ಅವಳು ಎಷ್ಟು ಎಚ್ಚರಿಕೆಯಿಂದ ಮಾಡಿದಳು ಎಂಬುದನ್ನು ಹೇಳಬೇಕು. ಹಿಟ್ಟನ್ನು ಹೊಸದಾಗಿ ಬೀಸಿಸಿಕೊಂಡು ಬಂದಳು. ಕುದಿಸಿದ ನೀರನ್ನೇ ಮತ್ತೆ ಕುದಿಸಿದಳು. ಮಣ್ಣಿನ ಗಡಿಗೆಗೆ ಬಿಸಿನೀರು ಹಾಕಿ ತೊಳೆದು ಬಿಸಿಲಿಗಿಟ್ಟಳು. ಮಜ್ಜಿಗೆ ಬೆರೆಸಲಿಲ್ಲ, ಅದು ಬೇಯಿಸಿದ್ದಲ್ಲ. ಅಂಬಲಿಯ ಜೊತೆ ನಮ್ಮವರು ಹಸಿ ಉಳ್ಳಾಗಡ್ಡಿ ಕಚ್ಚುತ್ತಾರೆ, ಅದನ್ನೂ ಎಣ್ಣೆಯಲ್ಲಿ ಬಾಡಿಸಿ ಕೊಟ್ಟಳು. ಉಮಾಪತಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ.

“ಇದು ಅಂಬಲಿ ಅಲ್ಲಕ್ಕಾ, ಗ್ವಾಡಿಗಿ ಕಾಗದ ಹಚ್ಚೋ ಅಂಟು.”

ಹುಳಿ ಬಂದಿರಲಿಲ್ಲ. ಬರುವುದಾದರೂ ಹೇಗೆ? ಅಂಬಲಿಗೆ ಹುಳಿ ಬರುವುದು ಹಳೆಯ ಗಡಿಗೆಯಿಂದ, ಹಿಂದಿನ ದಿನ ಉಳಿಸಿದ ಒಂದು ಬಟ್ಟಲು ಅಂಬಲಿಯಿಂದ. ನಮ್ಮ ಮನೆಯ ಗಡಿಗೆ ಕುದಿನೀರು ಕಂಡೂ ಕಂಡೂ ಸಪ್ಪೆಯಾಗಿತ್ತು. ಎರಡು ದಿನ ಇಟ್ಟು ನೋಡಿದಳು, ನಾತ ಬಂತೇ ಹೊರತು ಹುಳಿ ಬರಲಿಲ್ಲ. ಚೆಲ್ಲಿದಳು.

ನಮ್ಮ ಸುತ್ತಲಿನವರು ಅನ್ನದ ಜನ, ಜೋಳದ ಅಂಬಲಿ ಯಾರ ಮನೆಯಲ್ಲೂ ಇಲ್ಲ. ಹಿಂದಿನ ಓಣಿಯಲ್ಲಿ ಕುಷ್ಟಗಿ ಕಡೆಯಿಂದ ಭತ್ತದ ನಾಟಿಗೆಂದು ಬಂದು ಇಲ್ಲೇ ಉಳಿದ ಮುದಕಮ್ಮ ಎಂಬ ಮುದುಕಿ ಇದ್ದಳು. ಅವಳ ಗಡಿಗೆ ಅವಳ ಅತ್ತೆಯ ಕಾಲದ್ದು. ಊರು ಬಿಟ್ಟು ಬರುವಾಗ ಪಾತ್ರೆಪಗಡೆ ಬಿಟ್ಟು ಆ ಗಡಿಗೆಯೊಂದನ್ನು ತಲೆಯ ಮೇಲೆ ಹೊತ್ತು ತಂದವಳು. ಅದರ ಒಳಗನ್ನು ಯಾರೂ ತಿಕ್ಕಿ ತೊಳೆದಿಲ್ಲ, ತೊಳೆದರೆ ಮನೆಯ ಹುಳಿ ಹೋಗುತ್ತದೆ ಎಂಬುದು ಅವರ ಪದ್ಧತಿ. ಹುಳಿಯನ್ನು ಬರಿಗೈಯಲ್ಲಿ ಬಂದವರಿಗೆ ಕೊಡುವುದೂ ಇಲ್ಲ, ಒಂದು ಹಿಡಿ ಜೋಳ ಗಡಿಗೆಯ ಮುಂದೆ ಇಟ್ಟು ಒಯ್ಯಬೇಕು. ಪಾರಮ್ಮ ಒಂದು ಹಿಡಿಯ ಬದಲು ಸೆರಗಿನ ತುಂಬ ಜೋಳ ಒಯ್ದಳು. ರಜೆಯ ದಿನ, ನಾನೂ ಹೋಗಿದ್ದೆ.

“ನಿನ್ನ ತಮ್ಮಗಂದ್ರ ಒಂದ ಬಟ್ಟಲ ಯಾಕ, ಚೆರಿಗಿ ತುಂಬ ಒಯ್ಯವಾ,” ಎಂದಳು ಮುದಕಮ್ಮ. ಗಡಿಗೆಯ ಬಾಯಿಗೆ ಕಟ್ಟಿದ್ದ ಅರಿವೆ ಬಿಚ್ಚಿ, ಕೈಯನ್ನೇ ಒಳಗೆ ಅದ್ದಿ ತಿರುವಿ ಕೊಟ್ಟಳು. “ಒಂದ ಮಾತ ನೆಪ್ಪಿಡು. ಅಂಬಲಿ ಪೂರಾ ಆರಿದ ಮ್ಯಾಲೆ ಹುಳಿ ಬೆರಸು. ಹುಳಿ ಬೆಂಕಿ ನೋಡಬಾರದು. ನೋಡಿದ್ರ ಸಾಯ್ತೈತಿ.”

ಸಾಯುತ್ತದೆ ಎಂದ ಮೇಲೆ ಅದರಲ್ಲಿ ಏನೋ ಬದುಕಿದೆ ಎಂದೇ ಅರ್ಥ. ಇಷ್ಟು ಸರಳವಾದ ಮಾತು ಅಲ್ಲಿದ್ದ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮುದಕಮ್ಮನನ್ನು ಬೈದು ಫಲವಿಲ್ಲ, ಅವಳ ಮೊಮ್ಮಕ್ಕಳು ಅದನ್ನೇ ಕುಡಿದು ಗುಂಡುಕಲ್ಲಿನಂತೆ ಗಟ್ಟಿಯಾಗಿದ್ದಾರೆ. ನಾಲ್ಕಕ್ಷರ ಓದಿದ ನಾನು, ಕಾವಲು ನಾಯಿಯ ಕಥೆಯನ್ನು ಕಿವಿಯಾರೆ ಕೇಳಿ ಬಂದ ನಾನು, ಅಲ್ಲಿ ಗೋಡೆಗೆ ಒರಗಿ ನಿಂತು ಅವಳ ಮಾತಿಗೆ ತಲೆಯಾಡಿಸಿದೆ.

ಮರುದಿನ ಹನ್ನೊಂದು ಗಂಟೆಗೆ ಉಮಾಪತಿ ಲೋಟ ಎತ್ತಿ ಕುಡಿದವನು ಕೆಳಗಿಟ್ಟದ್ದು ಖಾಲಿಯಾದ ಮೇಲೆಯೇ. ಮೀಸೆ ಒರೆಸಿಕೊಂಡು, “ಈಗ ಮಂಗಳೂರು ನೆಪ್ಪಾತು ನೋಡಕ್ಕಾ,” ಎಂದ. ಎಂಟು ದಿನ ದಿನಾ ಹನ್ನೊಂದಕ್ಕೆ ಅಂಬಲಿ. ನಾವಿಬ್ಬರೂ ಅದನ್ನೇ ಕುಡಿದೆವು. ಊಟ ಸೇರತೊಡಗಿತು, ನಿದ್ದೆ ಬಂತು. ಅವನು ಕುಡಿಯುವುದನ್ನು ನೋಡುತ್ತ ಪಾರಮ್ಮ ಕೂತಿರುವಳು. ಅವಳ ಮುಖದಲ್ಲಿ ಆಗ ಕಂಡ ತೃಪ್ತಿಯನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ.

ಒಂಬತ್ತನೆಯ ದಿನ ಅವನು ಏಳಲಿಲ್ಲ. ಮೈ ಕಾದಿತ್ತು, ಹಲ್ಲು ಕಟಕಟ ಅನ್ನುತ್ತಿದ್ದವು. ಬಿಸಿಲಿನದು ಎಂದುಕೊಂಡು ಒದ್ದೆ ಬಟ್ಟೆ ಹಾಕಿದೆವು. ಮಧ್ಯಾಹ್ನದ ಹೊತ್ತಿಗೆ ಭೇದಿ, ಸಂಜೆಗೆ ಅರೆಪ್ರಜ್ಞೆ. ಗಂಗಾವತಿಯ ಡಾಕ್ಟರು ನಾಡಿ ಹಿಡಿದು, ಗುಳಿಗೆಯ ಚೀಟಿ ನೋಡಿ, “ಒಂದು ನಿಮಿಷ ತಡ ಮಾಡಬೇಡಿ, ಬಳ್ಳಾರಿಗೆ ಹೋಗಿ,” ಎಂದರು. ಬಾಡಿಗೆ ಕಾರಿನಲ್ಲಿ ಪಾರಮ್ಮ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವನ ಹೊಟ್ಟೆಯ ಬಲಗಡೆ, ತನ್ನದು ಇರುವ ಜಾಗದ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

ಬಳ್ಳಾರಿಯಲ್ಲಿ ಮೂರು ದಿನ. ಮಂಚದ ಕೆಳಗೆ ಉಚ್ಚೆಯ ಚೀಲ ತೂಗುಹಾಕಿದ್ದರು. ಪಾರಮ್ಮ ಅವನ ಮುಖಕ್ಕಿಂತ ಹೆಚ್ಚಾಗಿ ಆ ಚೀಲವನ್ನೇ ನೋಡುತ್ತಿದ್ದಳು. ಎರಡು ದಿನ ಚೀಲ ತುಂಬುತ್ತಿತ್ತು. “ನನ್ನ ಮಗಳು ಬಿಟ್ಟಕೊಟ್ಟಿಲ್ರಿ,” ಎಂದಳು. ಮೂರನೆಯ ದಿನ ಬೆಳಿಗ್ಗೆ ಚೀಲ ಬರಿದಾಗಿತ್ತು. ಅವಳು ಅದನ್ನು ಕೈಯಿಂದ ಮುಟ್ಟಿ, ಹಿಂದೆ ಮುಂದೆ ತಿರುಗಿಸಿ ನೋಡಿದಳು, ಕೊಳವೆ ಮಡಿಚಿದೆಯೇನೋ ಎಂದು ನೆಟ್ಟಗೆ ಮಾಡಿದಳು. ಹನಿಯೂ ಇರಲಿಲ್ಲ.

ಅದೇ ಹೊತ್ತಿಗೆ ಅಲ್ಲಿಯ ಡಾಕ್ಟರು, ಇನ್ನೂ ಎಳೆ ವಯಸ್ಸಿನ ಹುಡುಗ, ನನ್ನನ್ನು ಹೊರಗೆ ಕರೆದರು. ಹೊಟ್ಟೆಯಿಂದ ನಂಜು ರಕ್ತಕ್ಕೆ ಏರಿದೆ ಎಂದರು. ಏನೇನು ತಿಂದ, ಏನೇನು ಕುಡಿದ ಎಂದು ಕೇಳಿದರು. ನಾನು ಹೆಮ್ಮೆಯಿಂದ ಎಲ್ಲ ಹೇಳಿದೆ. ಕಾಯಿಸಿದ ನೀರು, ಚಹಾ, ಬೇಯಿಸಿದ ಅಂಬಲಿ.

“ಅಂಬಲಿ ಬಿಸಿ ಇದ್ದಾಗ ಕುಡೀತಿದ್ರಾ?”

“ಇಲ್ರಿ, ಆರಿಸಿ, ಹುಳಿ ಬೆರಸಿ, ಮರುದಿನ.”

ಅವರು ಬರೆಯುವುದನ್ನು ನಿಲ್ಲಿಸಿದರು. “ಬೇಯಿಸಿದಾಗ ಅದರಲ್ಲಿದ್ದ ಜೀವಿಗಳೆಲ್ಲ ಸತ್ತಿರ್ತವೆ. ಆಮೇಲೆ ಹುಳಿ ಹಾಕಿದಾಗ ನೀವೇ ಮತ್ತೆ ಬಿತ್ತಿದ ಹಾಗಾಯ್ತಲ್ಲ. ಅದರಲ್ಲಿ ಒಳ್ಳೆಯವೂ ಇರ್ತವೆ. ಕೈಯಿಂದಲೋ ನೊಣದಿಂದಲೋ ಕೆಟ್ಟವೂ ಸೇರಿರ್ತವೆ. ನೀವು ನಾನು ಕುಡಿದರೆ ಬಹಳ ಸಲ ಗೊತ್ತೂ ಆಗಲ್ಲ. ಆ ಗುಳಿಗೆ ನುಂಗೋರಿಗೆ ಹಾಗಲ್ಲ.”

“ಅದರಿಂದನ ಅಂತ ಖಾತ್ರಿ ಏನ್ರಿ?”

“ಖಾತ್ರಿ ಹೇಳಲಾರೆ. ಬೇರೆ ದಾರಿ ನನಗೆ ಕಾಣ್ತಿಲ್ಲ.”

“ಮತ್ತ ಕಿಡ್ನಿ?”

“ಅದು ಗಟ್ಟಿ ಇತ್ತು. ರಕ್ತದ ಒತ್ತಡ ಬಿದ್ದಮೇಲೆ ಯಾವ ಕಿಡ್ನಿಯೂ ನಿಲ್ಲಲ್ಲ. ಕೊನೇವರೆಗೂ ದುಡೀತು, ಪಾಪ.”

ಮಧ್ಯಾಹ್ನ ಎರಡಕ್ಕೆ ಉಮಾಪತಿ ಹೋದ. ಪಾರಮ್ಮ ಅವನ ಮುಖ ಒರೆಸಿದಳು. ಅಳಲಿಲ್ಲ. ಊರಿನಿಂದ ಬಂದಿದ್ದವರೆಲ್ಲ ಅಳುತ್ತಿರುವಾಗ ಅವಳು ಖಾಲಿ ಚೀಲದ ಕಡೆ ನೋಡುತ್ತ, “ನನ್ನದ ಕೈಕೊಡ್ತು,” ಎಂದಳು. ಅದನ್ನು ನಾನೊಬ್ಬನೇ ಕೇಳಿಸಿಕೊಂಡೆ.

ಮಣ್ಣು ಮಂಗಳೂರಿನಲ್ಲಿ ಆಯಿತು. ದಿನಗಳು ಮುಗಿದು ಗಂಗಾವತಿಗೆ ಬಂದ ಮೇಲೂ ಅವಳು ಒಲೆ ಹಚ್ಚಲಿಲ್ಲ. ಸಾವಾದ ಮನೆಗೆ ಓಣಿಯವರು ಊಟ ತರುವುದು ನಮ್ಮಲ್ಲಿಯ ರೂಢಿ. ಹಾಗೇ ಮುದಕಮ್ಮ ಒಂದು ಚೆರಿಗೆ ಅಂಬಲಿ ತಂದಳು. ಅವಳನ್ನು ಕಂಡಕೂಡಲೇ ನನ್ನ ನೆತ್ತಿಗೆ ಸಿಟ್ಟು ಏರಿತು. ಚೆರಿಗೆ ಕಸಿದು ಬೀದಿಗೆ ಎಸೆಯಬೇಕೆನ್ನಿಸಿತು. ಆದರೆ ಮುದುಕಿ ಬಾಗಿಲಲ್ಲೇ ಕುಸಿದು ಎದೆ ಬಡಿದುಕೊಂಡು ಅಳತೊಡಗಿದಳು. ಪಾರಮ್ಮನೇ ಎದ್ದು ಹೋಗಿ ಅವಳನ್ನು ಹಿಡಿದುಕೊಂಡಳು.

“ನೀ ಕೊಟ್ಟ ಹುಳಿಲಿಂದ ಎಂಟ ದಿನ ಬಾಯಿ ರುಚಿ ನೋಡಿ ಹೋದ ಎವ್ವಾ,” ಎಂದಳು. “ನನ್ನ ಕಿಡ್ನಿ ಅವಗ ಬಾಳಿಕಿ ಬರ್ಲಿಲ್ಲ. ನನ್ನ ಕೈಯಾನ ಅಂಬಲಿ ಒಂದರ ಬಂತಲ್ಲ. ಅದೊಂದ ಸಮಾಧಾನ ನನಗ.”

ನಾನು ಎದ್ದು ಹಿತ್ತಲಿಗೆ ಹೋದೆ. ಅವಳು ಮೂತ್ರಪಿಂಡದ ಮೇಲೆ ಹೊರಿಸಿದ ತಪ್ಪು ಸುಳ್ಳು ಎಂದು ನನಗೆ ಗೊತ್ತಿತ್ತು. ಆ ಸುಳ್ಳನ್ನು ಬಿಡಿಸಿದರೆ ತಪ್ಪು ಅಂಬಲಿಯ ಮೇಲೆ ಬಂದು, ಅವಳಿಗಿದ್ದ ಒಂದೇ ಸಮಾಧಾನವನ್ನೂ ಕಿತ್ತುಕೊಂಡಂತಾಗುತ್ತಿತ್ತು. ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಬರುವ ಕೆಲಸ, ಸರಕಾರಿ ನೌಕರ ನಾನು.

ಆದರೆ ಸುಮ್ಮನಿರುವ ಹಾಗಿರಲಿಲ್ಲ. ಅವಳು ಊಟ ಬಿಟ್ಟಳು. ಬಾಯಿಗೆ ಇಟ್ಟ ರೊಟ್ಟಿಯನ್ನು ಉಗುಳಿದಳು. ಆಮೇಲೆ ನೀರನ್ನೂ ಬಿಟ್ಟಳು. “ನನ್ನ ಮೈಯಾಗಿಂದ ಒಂದ ಕೆಟ್ಟದ್ದಿತ್ತಂದ್ರ ಇದೂ ಕೆಟ್ಟದ್ದ. ಇದಕ್ಯಾಕ ನೀರು?” ಎಂದಳು. ಗಂಗಾವತಿಯ ಡಾಕ್ಟರು ಮನೆಗೇ ಬಂದು ನೋಡಿ ನನ್ನ ಮೇಲೆ ರೇಗಿದರು. ಒಂದೇ ಮೂತ್ರಪಿಂಡದ ಹೆಂಗಸು, ಈ ಬಿಸಿಲಿನಲ್ಲಿ ನೀರು ಬಿಟ್ಟರೆ ಹತ್ತು ದಿನದಲ್ಲಿ ಅದೂ ಹೋಗುತ್ತದೆ, ಕೊಡುವುದಕ್ಕೆ ಅವಳಿಗೂ ಒಬ್ಬಳು ಅಕ್ಕ ಇದ್ದಾಳೇನು ಎಂದರು.

ಡಾಕ್ಟರು ಹೋದ ಮೇಲೆ ನಾನು ಅವಳ ಪಕ್ಕದಲ್ಲಿ ಕೂತೆ. “ಪಾರೂ, ನಿನ್ನ ಕಿಡ್ನಿ ಕೆಟ್ಟದ್ದಿರಲಿಲ್ಲ. ಬಳ್ಳಾರಿ ಡಾಕ್ಟರು ತಮ್ಮ ಬಾಯಿಲೇ ಹೇಳ್ಯಾರ. ಕೊನಿತನಕ ದುಡಿದೈತಿ ಅಂದ್ರು.”

ಅವಳು ಗೋಡೆಯ ಕಡೆಯಿಂದ ನನ್ನ ಕಡೆ ತಿರುಗಿದಳು. “ಖರೇನ?”

“ಖರೇನ. ನಿನ್ನ ಮ್ಯಾಲಾಣೆ.”

ಎದ್ದು ಕೂತಳು. ಕಣ್ಣಲ್ಲಿ ಬೆಳಕು ಬಂದದ್ದನ್ನು ಕಂಡೆ, ಖುಷಿಯೂ ಆಯಿತು. ಅಷ್ಟರಲ್ಲಿ ಅವಳು ಕೇಳಿದಳು. “ಹಂಗಾದ್ರ ಮತ್ಯಾಕ ಹೋದ?”

ನನ್ನ ಬುದ್ಧಿಗೇಡಿತನ ನೋಡಿ. ಅರ್ಧ ನಿಜ ಹೇಳುವಾಗ ಉಳಿದರ್ಧಕ್ಕೆ ಏನು ಹೇಳಬೇಕೆಂದು ಯೋಚಿಸಿಯೇ ಇರಲಿಲ್ಲ. ನಾನು ತಡವರಿಸಿದೆ. ಹೊಟ್ಟೆಯಿಂದ ನಂಜು ಏರಿತಂತೆ ಎಂದೆ.

“ಹೊಟ್ಟ್ಯಾಗ ನಂಜು ಹೆಂಗ ಹೋತು? ನೀರು ಕುದಿಸೀನಿ. ಹಾಲು ಕುದಿಸೀನಿ. ಗುಳಿಗಿ ಒಂದ ಹೊತ್ತು ತಪ್ಪಿಲ್ಲ. ಉಳ್ಳಾಗಡ್ಡಿ ಸೈತ ಹಸೀದು ಕೊಟ್ಟಿಲ್ಲ.” ಬೆರಳು ಮಡಿಚುತ್ತ ಅವನ ದಿನವನ್ನು ಬೆಳಗಿನಿಂದ ನೆನೆಯತೊಡಗಿದಳು. “ಮುಂಜಾನಿ ಎದ್ದ ಕೂಡ್ಲೆ ಚಾ. ಒಂಬತ್ತಕ್ಕ ಬಿಸಿ ರೊಟ್ಟಿ, ಬ್ಯಾಳಿ. ಹನ್ನೊಂದಕ್ಕ...”

ಅಲ್ಲಿ ನಿಂತಳು. ಬೆರಳು ಅರ್ಧ ಮಡಿಚಿತ್ತು.

“ಹನ್ನೊಂದಕ್ಕ...” ಎಂದಳು ಇ‍ನ್ನೊಮ್ಮೆ, ಮೆಲ್ಲಗೆ. ಅವಳ ಹುಬ್ಬು ಕೂಡಿದವು. ಪಾರಮ್ಮನಿಗೆ ಓದು ಬಾರದಿರಬಹುದು, ಬುದ್ಧಿಯಲ್ಲಿ ನನ್ನಂಥ ನಾಲ್ವರನ್ನು ಹಿಂದೆ ಹಾಕುವವಳು. ಇನ್ನೊಂದು ಕ್ಷಣ ಬಿಟ್ಟಿದ್ದರೆ ಅವಳು ಅಲ್ಲಿಗೆ ಮುಟ್ಟುತ್ತಿದ್ದಳು. ಮುಟ್ಟಿದ ಮೇಲೆ ಅವಳು ಬದುಕುತ್ತಿರಲಿಲ್ಲ. ಇದು ನನಗೆ ಅವತ್ತು ಗೊತ್ತಿತ್ತು, ಇಂದಿಗೂ ಗೊತ್ತು.

“ನಾನ ಕುಡಿಸಿದೆ,” ಎಂದೆ.

“ಏನ?”

“ಶಿಂದಿ. ಜ್ವರ ಬರೂ ಹಿಂದಿನ ದಿನ ಶ್ರೀರಾಮನಗರದ ಕಡೆ ಕಾಲುವಿ ನೋಡಾಕ ಕರಕೊಂಡ ಹೋಗಿದ್ನೆಲ್ಲ, ಅಲ್ಲೆ.”

ಕಾಲುವೆಗೆ ಹೋದದ್ದು ನಿಜ. ಶಿಂದಿ ಅಂಗಡಿಯ ಮುಂದೆ ಹಾದದ್ದು ನಿಜ. ಉಮಾಪತಿ ನಗುತ್ತ, “ಮಾಮಾ, ಒಂದ ಗ್ಲಾಸ ಕುಡದ್ರ ನಿಮ್ಮ ಎರಡನೇ ಹೆಂಡ್ತಿಗೆ ಸಿಟ್ಟ ಬರ್ತೈತೇನ್ರಿ?” ಎಂದು ಕೇಳಿದ್ದೂ ನಿಜ. ನಾನು ಬೈದು, ಕೈ ಹಿಡಿದು ಎಳೆದುಕೊಂಡು ಬಂದಿದ್ದೆ. ಅಷ್ಟನ್ನು ಮಾತ್ರ ಬಿಟ್ಟೆ.

“ಎಷ್ಟು?”

“ಒಂದ ಗ್ಲಾಸ.”

“ಅಂವ ಕೇಳಿದ್ನ?”

“ಕೇಳಿದ. ಇಲ್ಲ ಅನ್ನಾಕ ಮನಸ ಬರ್ಲಿಲ್ಲ.”

ಪಾರಮ್ಮ ನನ್ನನ್ನೇ ನೋಡಿದಳು. ಮಡಿಚಿದ್ದ ಬೆರಳು ಬಿಚ್ಚಿದವು. ಹದಿನೇಳು ವರ್ಷ ಜಗಳವಾಡಿದ್ದೇವೆ, ಅಂಥ ಕಣ್ಣು ನಾನು ನೋಡಿರಲಿಲ್ಲ.

“ನನ್ನ ಮೈ ಕೊಯ್ಸಿ ಕೊಟ್ಟಿದ್ದೆ,” ಎಂದಳು. “ಅದನ್ನ ನೀ ಒಂದ ಗ್ಲಾಸ ಶಿಂದ್ಯಾಗ ಮುಳುಗಿಸಿದಿ. ಮದ್ಲಿಂದ ನಿನಗ ಬ್ಯಾಡಾಗಿತ್ತು. ರೈಲನ್ಯಾಗ ಮಾರಿ ಹೊಳ್ಳಿಸಿ ಕುಂತಿದ್ದಿ. ಅಂವ ಬದುಕೂದ ನಿನಗ ಬೇಕಾಗಿರ್ಲಿಲ್ಲ.”

ಇಲ್ಲ ಎನ್ನಲು ಬಾಯಿ ತೆರೆದೆ. ಉಮಾಪತಿ ನನಗೂ ಮಗನ ಹಾಗಿದ್ದ ಎಂದು ಕೂಗಿ ಹೇಳಬೇಕೆನ್ನಿಸಿತು. ಹೇಳಿದ್ದರೆ ನನ್ನ ಗಂಟಲು ನಿಜ ಹೇಳಿಬಿಡುತ್ತಿತ್ತು. ಅವಳ ಕೈಗೆ ಸಿಕ್ಕ ತಂಬಿಗೆ ನನ್ನ ಹಣೆಗೆ ಬಡಿಯಿತು. ಟವೆಲ್ ಒತ್ತಿಕೊಂಡು ಕಟ್ಟೆಯ ಮೇಲೆ ಹೋಗಿ ಕೂತೆ. ಒಳಗೆ ಅವಳು ಉಮಾಪತಿಯ ಹೆಸರು ಹಿಡಿದು ಅಳತೊಡಗಿದಳು. ಅವನು ಹೋದ ಮೇಲೆ ಅದೇ ಮೊದಲು ಅವಳು ಬಾಯಿಬಿಟ್ಟು ಅತ್ತದ್ದು. ಅತ್ತು, ನನ್ನ ವಂಶವನ್ನೆಲ್ಲ ಬೈದು ಸಾಕಾದ ಮೇಲೆ ಅಡುಗೆಮನೆಯಲ್ಲಿ ಮುಚ್ಚಳ ಸರಿದ ಸದ್ದಾಯಿತು. ಅವಳು ನೀರು ಕುಡಿಯುತ್ತಿದ್ದಳು. ಒಂದು ಲೋಟ, ಮತ್ತೊಂದು. ನನಗೆ ಅಳು ತಡೆಯಲಾಗಲಿಲ್ಲ.

ಇದಾಗಿ ನಾಲ್ಕು ವರ್ಷ. ಅವಳು ಊರಿಗೆ ಹೋಗಿ ಎಲ್ಲ ಹೇಳಿದಳು. ಮಾವನವರು ನನ್ನನ್ನು ಮಂಗಳೂರಿನ ಹೊಸ್ತಿಲು ತುಳಿಯಬೇಡ ಎಂದು ಹೇಳಿಕಳಿಸಿದರು. ಕಳೆದ ವರ್ಷ ಅವರು ತೀರಿಕೊಂಡಾಗ ಊರ ಹೊರಗಿನ ಬೇವಿನ ಗಿಡದ ಕೆಳಗೆ ನಿಂತು ಕೈಮುಗಿದು ಬಂದೆ. ಈ ಕಡೆಯಿಂದ ಆ ದೊಡ್ಡ ಆಸ್ಪತ್ರೆಗೆ ಹೋಗಿ ಬಂದವರು ಯಾರಾದರೂ ಇದ್ದಾರೆಂದು ಕೇಳಿದರೆ ನಾನೇ ಬಸ್ಸು ಹತ್ತಿ ಹೋಗುತ್ತೇನೆ. ಅವರ ಮನೆಯ ಹೆಂಗಸರನ್ನು ಕೂರಿಸಿಕೊಂಡು, ಬೇಯಿಸಿ ಆರಿಸಿ ಹುಳಿ ಬೆರೆಸಿದ್ದು ಬೇಯಿಸಿದ್ದರಲ್ಲಿ ಸೇರುವುದಿಲ್ಲ ಎಂದು ಎರಡೆರಡು ಸಲ ಹೇಳುತ್ತೇನೆ. ಯಾಕೆ ಇಷ್ಟು ಹೇಳುತ್ತೀರಿ ಎಂದರೆ, ಓದಿದ್ದೆ ಎನ್ನುತ್ತೇನೆ.

ಆರು ತಿಂಗಳಿಗೊಮ್ಮೆ ಪಾರಮ್ಮ ತಪಾಸಣೆಗೆ ಹೋಗುತ್ತಾಳೆ. ತಮ್ಮನಿಗೆ ಕೊಟ್ಟದ್ದರ ಜೊತೆಯದು ಇದು, ಜೋಪಾನ ಮಾಡಬೇಕು ಎಂದು ಓಣಿಯವರಿಗೆ ಹೇಳುತ್ತಾಳಂತೆ. ಅವಳು ಮುಂದೆ ನಡೆಯುತ್ತಾಳೆ, ನಾನು ಇಪ್ಪತ್ತು ಹೆಜ್ಜೆ ಹಿಂದೆ. ಮೊನ್ನೆಯೂ ಹಾಗೇ ಹೋದೆವು. ಡಾಕ್ಟರು ನನ್ನನ್ನೂ ಒಳಗೆ ಕರೆದರಂತೆ. “ಅಂವ ಬರೂದು ಬ್ಯಾಡ್ರಿ,” ಎಂದು ಅವಳು ಹೇಳಿದ್ದು ಹೊರಗಿನ ಬೆಂಚಿಗೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಡಾಕ್ಟರು, “ಏನೂ ತೊಂದರೆ ಇಲ್ಲಮ್ಮ, ಇನ್ನೂ ಮೂವತ್ತು ವರ್ಷ ಗಟ್ಟಿ,” ಎಂದದ್ದೂ ಕೇಳಿಸಿತು. ಇನ್ನೂ ಮೂವತ್ತು ವರ್ಷ ಅವಳು ನನ್ನನ್ನು ಹೀಗೇ ನೋಡಿದರೆ ಸಾಕು.